ಸ್ಮರಣೆಯ ವೇದಿಕೆಯಲ್ಲಿ ಇನ್ನೊಬ್ಬರ ಸೋಲೊ: ಬೆಳಗಾವಿಯ ಗಿಟಾರ್ ವಾದಕನೊಬ್ಬನ ಅನುಭವ

ಅಗಲಿದ ಸಂಗೀತಗಾರರ ಪುಣ್ಯತಿಥಿಗೆ ನಡೆಯುವ ಕಾರ್ಯಕ್ರಮಗಳಲ್ಲಿ ಗಿಟಾರ್ ವಾದಕನ ಹೊಣೆ ಗಾಯಕನ ಹೊಣೆಗಿಂತ ಬೇರೆ ಬಗೆಯದು. ಗಾಯಕ ತನ್ನ ಕಂಠದಲ್ಲಿಯೇ ಹಾಡುತ್ತಾನೆ, ಮೂಲ ಗಾಯಕನ ಧ್ವನಿ ಅವನಿಂದ ಬರಲಿ ಎಂದು ಯಾರೂ ನಿರೀಕ್ಷಿಸುವುದಿಲ್ಲ. ಆದರೆ ಹಾಡಿನ ನಡುವೆ ಸೋಲೊ, ಅಂದರೆ ಗಿಟಾರ್ ಒಂದೇ ಮುಂದೆ ಬಂದು ನುಡಿಯುವ ಭಾಗ, ಬಂದಾಗ, ವರ್ಷಗಟ್ಟಲೆ ಆ ಧ್ವನಿಮುದ್ರಿಕೆಯನ್ನು ಕೇಳಿದ ಪ್ರೇಕ್ಷಕರ ಕಿವಿ ಮುಂದಿನ ಸ್ವರವನ್ನು ವಾದಕನಿಗಿಂತ ಮೊದಲೇ ತಲುಪಿರುತ್ತದೆ. ಆ ಸ್ವರ ಅಲ್ಲಿ ಸಿಗದಿದ್ದರೆ ಅವರಿಗೆ ಸಂಗೀತಶಾಸ್ತ್ರ ಗೊತ್ತಿರದಿದ್ದರೂ ಏನೋ ತಪ್ಪಿತು ಎಂಬುದು ತಕ್ಷಣ ಗೊತ್ತಾಗುತ್ತದೆ.

ಬೆಳಗಾವಿಯಲ್ಲಿ ಇಂಥ ಕಾರ್ಯಕ್ರಮಗಳಿಗೆ ಒಳ್ಳೆಯ ಪ್ರೇಕ್ಷಕರಿದ್ದಾರೆ. ಕನ್ನಡ, ಮರಾಠಿ, ಹಿಂದಿ ಹಾಡುಗಳನ್ನು ಒಂದೇ ಸಂಜೆಯಲ್ಲಿ ಕೂತು ಕೇಳುವ ಊರು ಇದು. ಕ್ಯಾಂಪ್ ಪ್ರದೇಶದ ಚರ್ಚ್‌ಗಳಿಂದ, ಮರಾಠಾ ಲಘು ಪದಾತಿದಳದ ಬ್ಯಾಂಡ್‌ನಿಂದ, ಘಟ್ಟ ಇಳಿದರೆ ಸಿಗುವ ಗೋವೆಯಿಂದ ಪಾಶ್ಚಾತ್ಯ ವಾದ್ಯಗಳ ಬಳಕೆಯೂ ಇಲ್ಲಿಗೆ ಹೊಸದಲ್ಲ. ಜನವರಿ 4ರಂದು ಆರ್. ಡಿ. ಬರ್ಮನ್, ಸೆಪ್ಟೆಂಬರ್ 25ರಂದು ಎಸ್. ಪಿ. ಬಾಲಸುಬ್ರಹ್ಮಣ್ಯಂ, ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಅವರ ನೆನಪಿಗೆ ಹಾಡುವ ತಂಡಗಳಲ್ಲಿ ನಾನು ಗಿಟಾರ್ ನುಡಿಸುತ್ತ ಬಂದಿದ್ದೇನೆ. ಆದರೆ ಎಲ್ಲಕ್ಕಿಂತ ಹೆಚ್ಚಿನ ಸಿದ್ಧತೆಯನ್ನು ಬೇಡಿದ್ದು, ಮತ್ತು ನನಗೆ ಹೆಚ್ಚು ಕಲಿಸಿದ್ದು, ಜೂನ್ 25ರ ಮೈಕೆಲ್ ಜಾಕ್ಸನ್ ಸ್ಮರಣೆಯಲ್ಲಿ ನುಡಿಸುವ ‘ಬೀಟ್ ಇಟ್’ ಹಾಡಿನ ಸೋಲೊ. ಆದ್ದರಿಂದ ಇಲ್ಲಿ ಅದನ್ನೇ ವಿವರವಾಗಿ ಹೇಳುತ್ತೇನೆ.

ಆ ಸೋಲೊ ಸುಮಾರು ಅರ್ಧ ನಿಮಿಷದ್ದು. 1982ರ ನವೆಂಬರ್‌ನಲ್ಲಿ ಬಂದ ‘ಥ್ರಿಲ್ಲರ್’ ಆಲ್ಬಮ್‌ನ ಈ ಹಾಡಿಗಾಗಿ ನಿರ್ಮಾಪಕ ಕ್ವಿನ್ಸಿ ಜೋನ್ಸ್ ಅವರು ರಾಕ್ ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲನ್ ಅವರನ್ನು ಕರೆಸಿದ್ದರು. ಎಡ್ಡಿ ಹಣ ತೆಗೆದುಕೊಳ್ಳಲಿಲ್ಲ. ಸೋಲೊದ ಕೆಳಗೆ ಬರುವ ಸಂಗೀತದ ಭಾಗವನ್ನು ತಮಗೆ ಬೇಕಾದಂತೆ ಹಿಂದೆ ಮುಂದೆ ಜೋಡಿಸಿಕೊಂಡು, ಅದರ ಮೇಲೆ ಆ ಕ್ಷಣಕ್ಕೆ ತೋಚಿದಂತೆ ಎರಡು ಸಲ ನುಡಿಸಿದರು. ಹಾಡಿನ ಉಳಿದ ಭಾಗದ ಮುಖ್ಯ ಗಿಟಾರ್ ಮತ್ತು ಬೇಸ್ ಸ್ಟೀವ್ ಲುಕಾಥರ್ ಅವರದು, ಡ್ರಮ್ಸ್ ಜೆಫ್ ಪೊರ್ಕಾರೊ ಅವರದು. ಪೊರ್ಕಾರೊ 1992ರಲ್ಲಿ, ಜಾಕ್ಸನ್ 2009ರಲ್ಲಿ, ಎಡ್ಡಿ 2020ರ ಅಕ್ಟೋಬರ್ 6ರಂದು, ಜೋನ್ಸ್ 2024ರ ನವೆಂಬರ್‌ನಲ್ಲಿ ತೀರಿಕೊಂಡರು. ಹೀಗಾಗಿ ಜಾಕ್ಸನ್ ಅವರ ಭಾವಚಿತ್ರಕ್ಕೆ ಹಾರ ಹಾಕಿದ ವೇದಿಕೆಯಲ್ಲಿ ಈ ಹಾಡನ್ನು ನುಡಿಸುವಾಗ ಹಾಡಿನ ಆ ಅರ್ಧ ನಿಮಿಷ ಎಡ್ಡಿ ಅವರ ಸ್ಮರಣೆಯೂ ಆಗಿರುತ್ತದೆ ಎಂಬುದನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ.

ಮೂಲದಲ್ಲಿದ್ದಂತೆಯೇ ನುಡಿಸಬೇಕೆ, ಅಥವಾ ಅದರ ಆಧಾರದ ಮೇಲೆ ನಮ್ಮದನ್ನು ಬೆಳೆಸಬೇಕೆ ಎಂಬ ಪ್ರಶ್ನೆ ಪ್ರತಿ ತಂಡದಲ್ಲಿಯೂ ಏಳುತ್ತದೆ. ಹಿಂದೂಸ್ತಾನಿ ಸಂಗೀತ ಬೇರೂರಿರುವ ಈ ಭಾಗದಲ್ಲಿ ಅದು ಇನ್ನೂ ತೀಕ್ಷ್ಣವಾಗಿ ಏಳುತ್ತದೆ, ಏಕೆಂದರೆ ಬೇರೆಯವರು ನುಡಿಸಿದ್ದನ್ನು ಸ್ವರ ತಪ್ಪದೆ ಒಪ್ಪಿಸುವುದನ್ನು ಇಲ್ಲಿ ವಿದ್ಯಾರ್ಥಿಯ ಕೆಲಸವೆಂದು ನೋಡುತ್ತಾರೆ, ಕಲಾವಿದನ ಕೆಲಸವೆಂದಲ್ಲ. ಈ ವಾದಕ್ಕೆ ನಾನು ಉತ್ತರ ಕಂಡುಕೊಂಡಿದ್ದು ನಮ್ಮ ಜಿಲ್ಲೆಯವರೇ ಆದ ಕುಮಾರ ಗಂಧರ್ವರ ಬದುಕಿನಲ್ಲಿ. ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ ಎಂಬ ಬಾಲಕ ದೊಡ್ಡ ದೊಡ್ಡ ಗಾಯಕರ ಗ್ರಾಮಫೋನ್ ಮುದ್ರಿಕೆಗಳನ್ನು ಕೇಳಿ ಅವನ್ನು ಹಾಗೆಯೇ ಹಾಡಿ ತೋರಿಸಿ ಹೆಸರಾದವನು. ಮುಂದೆ ಯಾರ ಘರಾಣೆಗೂ ಪೂರ್ತಿ ಒಗ್ಗದಷ್ಟು ಸ್ವಂತವಾದ ಗಾಯನ ಅವರದಾಯಿತು. ಮರಾಠಿ ರಂಗಭೂಮಿಯ ಗಾಯಕನಟ ಬಾಲಗಂಧರ್ವರ ನಾಟ್ಯಗೀತೆಗಳನ್ನು ಹಾಡಿದಾಗ ಅವರು ಅನುಕರಣೆಯನ್ನು ಬಿಟ್ಟು ತಾವು ಅರಿತ ಬಾಲಗಂಧರ್ವರನ್ನು ಹಾಡಿದರು. ಒಬ್ಬರೇ ಎರಡನ್ನೂ ಮಾಡಿದರು, ಮತ್ತು ಮೊದಲನೆಯದು ಎರಡನೆಯದಕ್ಕೆ ಅಡ್ಡ ಬರಲಿಲ್ಲ.

ಆದರೂ ಸ್ಮರಣೆಯ ವೇದಿಕೆಯಲ್ಲಿ ನಾನು ಮೊದಲನೆಯ ದಾರಿಯನ್ನೇ ಆರಿಸಿಕೊಳ್ಳುತ್ತೇನೆ. 2002ರ ನವೆಂಬರ್ 29ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಜಾರ್ಜ್ ಹ್ಯಾರಿಸನ್ ಅವರ ನೆನಪಿಗೆ ನಡೆದ ಕಚೇರಿಯಲ್ಲಿ ಎರಿಕ್ ಕ್ಲಾಪ್ಟನ್ ಅವರು ತಾವೇ 1968ರಲ್ಲಿ ಬೀಟಲ್ಸ್‌ಗಾಗಿ ನುಡಿಸಿದ್ದ ಹಾಡನ್ನು ಮತ್ತೆ ನುಡಿಸಿದರು. ಆ ಗಿಟಾರ್ ವಾದನ ಅವರದೇ ಆಸ್ತಿ, ಹೇಗೆ ಬೇಕಾದರೂ ಬಳಸುವ ಅಧಿಕಾರ ಅವರಿಗಿತ್ತು. 2022ರ ಸೆಪ್ಟೆಂಬರ್ 3ರಂದು ವೆಂಬ್ಲಿಯಲ್ಲಿ ಡ್ರಮ್ಮರ್ ಟೇಲರ್ ಹಾಕಿನ್ಸ್ ಅವರ ಸ್ಮರಣೆಗೆ ನಡೆದ ಕಚೇರಿಯಲ್ಲಿ ಎಡ್ಡಿ ಅವರ ಮಗ ವುಲ್ಫ್‌ಗ್ಯಾಂಗ್ ವ್ಯಾನ್ ಹೇಲನ್ ತಂದೆಯ ಎರಡು ಹಾಡುಗಳನ್ನು ನುಡಿಸಿದರು. ತನ್ನದೇ ಆಲ್ಬಮ್‌ಗಳಲ್ಲಿ ತಂದೆಯ ದಾರಿಯನ್ನು ಬಿಟ್ಟು ನಡೆಯುವ ಮಗ ಅಂದು ತಂದೆಯ ಕೈಯನ್ನೇ ವೇದಿಕೆಗೆ ತಂದದ್ದನ್ನು ನೋಡಿದ ಮೇಲೆ, ಯಥಾವತ್ತಾಗಿ ನುಡಿಸುವುದರಲ್ಲಿ ಕೀಳು ಎಂಬುದು ಏನೂ ಇಲ್ಲ ಎಂಬ ನನ್ನ ನಂಬಿಕೆ ಗಟ್ಟಿಯಾಯಿತು. ಹೊರಗಿನವರಾದ ನಮ್ಮಂಥವರಿಗಂತೂ ಅದೇ ಸರಿ. ನನ್ನ ಸ್ವಂತ ಕಲ್ಪನೆಗೆ ವರ್ಷದ ಉಳಿದ ಸಂಜೆಗಳಿವೆ.

ಯಥಾವತ್ತು ಎಂದರೆ ಏನು ಎಂಬುದೇ ನಿಜವಾದ ಕೆಲಸ. ಯಾವ ಫ್ರೆಟ್ಟಿನ (ಸ್ವರಸ್ಥಾನ ತೋರುವ ಲೋಹದ ಪಟ್ಟಿ) ಮೇಲೆ ಯಾವ ಬೆರಳು ಎಂಬುದು ಇವತ್ತು ಮೊಬೈಲಿನಲ್ಲಿಯೇ ಸಿಗುತ್ತದೆ. ಅದನ್ನು ನೋಡಿ ಕೈ ಓಡಿಸಿದ ಹುಡುಗರು ವೇಗವಾಗಿ, ಶುದ್ಧವಾಗಿ ನುಡಿಸುತ್ತಾರೆ, ಆದರೂ ಕೇಳಿದವರಿಗೆ ಅದು ಎಡ್ಡಿ ಎನ್ನಿಸುವುದಿಲ್ಲ. ನಾನು ಅದಕ್ಕಾಗಿಯೇ ಸೋಲೊವನ್ನು ಮೊದಲು ಬಾಯಲ್ಲಿ ಹಾಡಿ ಕಲಿಯುತ್ತೇನೆ, ವಾದ್ಯವನ್ನು ಆಮೇಲೆ ಮುಟ್ಟುತ್ತೇನೆ. ಚಿಕ್ಕಂದಿನಲ್ಲಿ ಶಹಾಪುರದಲ್ಲಿ ನನಗೆ ಗಾಯನ ಕಲಿಸಿದ ಗುರುಗಳು ಹಾರ್ಮೋನಿಯಂ ಮುಚ್ಚಿಟ್ಟು, “ಮೊದಲ ಬಾಯಾಗ ಬರಲಿ ತಮ್ಮಾ, ಆಮ್ಯಾಲ ಪೆಟಗಿ ತಗಿಯೂಣು” ಎನ್ನುತ್ತಿದ್ದರು. ಆ ಕ್ರಮವೇ ಇಲ್ಲಿಯೂ ನನ್ನನ್ನು ಕಾಯ್ದಿದೆ.

ತಂತಿಯನ್ನು ಎಳೆದು ಸ್ವರ ಏರಿಸುವ ಬೆಂಡ್, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ನಮ್ಮ ಮೀಂಡಿನ ಹತ್ತಿರದ್ದು. ರಾಕ್ ಸೋಲೊಗಳ ಬುನಾದಿಯಾದ ಐದು ಸ್ವರಗಳ ಮೈನರ್ ಪೆಂಟಾಟೋನಿಕ್ ಎಂಬ ಸ್ವರಶ್ರೇಣಿ ನಮ್ಮ ಧಾನಿ ರಾಗದ ಷಡ್ಜ, ಕೋಮಲ ಗಾಂಧಾರ, ಮಧ್ಯಮ, ಪಂಚಮ, ಕೋಮಲ ನಿಷಾದಗಳಿಗೆ ಹೊಂದುತ್ತದೆ. ಆದ್ದರಿಂದ ಎಳೆತವಿರುವ ತುಣುಕುಗಳನ್ನು ಸರಗಮ್‌ನಲ್ಲಿ ಹಾಡಿಕೊಂಡರೆ ಎಳೆತ ಎಲ್ಲಿಂದ ಹೊರಟಿತು, ಎಷ್ಟು ಹೊತ್ತಿನಲ್ಲಿ ಮೇಲೆ ತಲುಪಿತು, ತಲುಪಿದ ಮೇಲೆ ಎಷ್ಟು ಅಗಲವಾಗಿ ಆಂದೋಲನಗೊಂಡಿತು ಎಂಬುದೆಲ್ಲ ಗಂಟಲಿಗೆ ತಿಳಿಯುತ್ತದೆ. ಗಂಟಲಿಗೆ ತಿಳಿದದ್ದನ್ನು ಬೆರಳು ಬೇಗ ಮರೆಯುವುದಿಲ್ಲ.

ಟ್ಯಾಪಿಂಗ್ ತುಣುಕುಗಳಿಗೆ ಈ ಉಪಾಯ ಸಾಲದು. ಬಲಗೈಯ ಬೆರಳಿನಿಂದ ತಂತಿಯನ್ನು ಫ್ರೆಟ್ಟಿನ ಮೇಲೆಯೇ ಬಡಿದು, ಎಡಗೈಯ ಬೆರಳುಗಳಿಂದ ಅದೇ ತಂತಿಯಲ್ಲಿ ಉಳಿದ ಸ್ವರಗಳನ್ನು ಹೊರಡಿಸುವ ಈ ವಿಧಾನವನ್ನು ಎಡ್ಡಿ 1978ರ ತಮ್ಮ ತಂಡದ ಮೊದಲ ಆಲ್ಬಮ್‌ನಿಂದ ಜಗತ್ತಿಗೆಲ್ಲ ಪರಿಚಯಿಸಿದರು. ನಿಮಿಷಕ್ಕೆ ಸುಮಾರು 138 ಬೀಟ್ ನಡೆಯುವ ಹಾಡಿನಲ್ಲಿ ಅದನ್ನು ಸರಗಮ್ ಆಗಿ ಹಾಡುವುದು ನಾಲಿಗೆಗೆ ಆಗದ ಕೆಲಸ. ಅಲ್ಲಿ ನಾನು ತಬಲಾದ ಬೋಲುಗಳಿಗೆ, ಅಂದರೆ ಬಾಯಲ್ಲಿ ನುಡಿಯುವ ತಾಳದ ಅಕ್ಷರಗಳಿಗೆ, ಹೋಗುತ್ತೇನೆ. ‘ತಿರಕಿಟ’ ಎಂದು ನಾಲ್ಕಾಗಿ, ‘ತಕಿಟ’ ಎಂದು ಮೂರಾಗಿ ಒಡೆದು ನುಡಿದಾಗ, ಬಲಗೈ ಬಡಿತ ಯಾವ ಅಕ್ಷರದ ಮೇಲೆ ಬೀಳುತ್ತದೆ ಎಂಬುದು ಸ್ಪಷ್ಟವಾಗುತ್ತದೆ. ಎಡ್ಡಿ ಅವರ ಸ್ವಭಾವವೇನೆಂದರೆ ಅವರು ಗುಂಪುಗಳನ್ನು ತಾಳದ ಗೆರೆಗೆ ಸರಿಯಾಗಿ ಕತ್ತರಿಸುವುದಿಲ್ಲ. ನಡುವೆ ಹಿಗ್ಗುತ್ತಾರೆ, ಕುಗ್ಗುತ್ತಾರೆ, ಇನ್ನೇನು ತಾಳ ತಪ್ಪಿತು ಎನ್ನುವಷ್ಟರಲ್ಲಿ ತಾಳಾವರ್ತದ ಮೊದಲ ಪೆಟ್ಟಾದ ಸಮ್‌ಗೆ ಬಂದು ಕೂಡುತ್ತಾರೆ. ಕಂಪ್ಯೂಟರಿನ ಗ್ರಿಡ್ ಮೇಲೆ ಸ್ವರಗಳನ್ನು ಸಮವಾಗಿ ಹಂಚಿ ಕಲಿತವರಿಗೆ ಕೈತಪ್ಪಿ ಹೋಗುವುದು ಈ ಹಿಗ್ಗುವಿಕೆಯೇ. ನನ್ನ ಅಭಿಪ್ರಾಯದಲ್ಲಿ ಈ ಸೋಲೊದ ಜೀವ ಅದರಲ್ಲಿದೆ, ವೇಗದಲ್ಲಿಲ್ಲ.

ಬಾಯಿಗೆ ಬಂದ ಮೇಲೆ ಗಿಟಾರ್. ಧ್ವನಿಮುದ್ರಿಕೆಯನ್ನು ಅರ್ಧ ವೇಗಕ್ಕೆ ಇಳಿಸಿ, ಒಂದೊಂದೇ ತುಣುಕನ್ನು ಕೈಗೆ ತರುತ್ತೇನೆ. ಅರ್ಧ ವೇಗದಲ್ಲಿ ಅಭ್ಯಾಸ ಮಾಡುವಾಗಲೂ ಪೂರ್ಣ ವೇಗದಲ್ಲಿ ಬೇಕಾಗುವಷ್ಟೇ ಹಗುರವಾಗಿ ಬಡಿಯಬೇಕು, ಇಲ್ಲದಿದ್ದರೆ ಕೈಗೆ ಬಿಗಿಯ ರೂಢಿಯಾಗಿ ವೇಗ ಏರಿಸಿದಾಗ ಮುಂಗೈ ಹಿಡಿದುಕೊಳ್ಳುತ್ತದೆ. ಟ್ಯಾಪಿಂಗ್‌ನಲ್ಲಿ ಬೇಡದ ತಂತಿಗಳು ತಾವಾಗಿಯೇ ಮೊಳಗುತ್ತವೆ. ಅವನ್ನು ಅಂಗೈಯ ಅಂಚಿನಿಂದ ಅದುಮಿಡುವುದನ್ನು ಕಲಿಯುವತನಕ, ಕೂದಲಿಗೆ ಕಟ್ಟುವ ಬಟ್ಟೆಯ ರಬ್ಬರನ್ನು ನೆಕ್ಕಿನ (ತಂತಿಗಳ ಕೆಳಗಿನ ಉದ್ದನೆಯ ಹಿಡಿ) ತುದಿಗೆ ಸುತ್ತಿಕೊಳ್ಳುವುದು ಒಳ್ಳೆಯದು. ಸೋಲೊದ ಕೊನೆಯಲ್ಲಿ ಒಂದೇ ಸಮನೆ ಪ್ಲೆಕ್ಟ್ರಮ್ (ತಂತಿ ಮೀಟುವ ಚಿಕ್ಕ ಬಿಲ್ಲೆ) ಆಡಿಸುತ್ತ ಮೇಲೇರಿ, ತುತ್ತತುದಿಯ ಸ್ವರದ ಮೇಲೆ ಕಿರುಚಿ ನಿಲ್ಲುವ ಭಾಗವಿದೆ. ಇಲ್ಲಿ ಪ್ಲೆಕ್ಟ್ರಮ್‌ನ ತುದಿ ತಂತಿಗೆ ಎಷ್ಟು ತಾಗುತ್ತದೆ ಎಂಬುದೇ ಎಲ್ಲ. ಆಳವಾಗಿ ತಾಗಿದರೆ ಕೈ ಸಿಕ್ಕಿಕೊಳ್ಳುತ್ತದೆ, ತೀರ ಮೇಲೆ ತಾಗಿದರೆ ಸದ್ದು ತೆಳ್ಳಗಾಗುತ್ತದೆ. ನಾನು ಮೊಣಕೈಯನ್ನು ಬಿಗಿಹಿಡಿಯದೆ, ಮಣಿಕಟ್ಟನ್ನು ತುಸು ಮೇಲಕ್ಕೆತ್ತಿ, ಪ್ಲೆಕ್ಟ್ರಮ್‌ನ ತುದಿ ಬೆರಳಿನಾಚೆ ಒಂದಿಷ್ಟೇ ಕಾಣುವಂತೆ ಹಿಡಿಯುತ್ತೇನೆ. ಏರುವಾಗ ಎಡಗೈ ಬಲಗೈಗಿಂತ ಮುಂದೆ ಓಡುವ ಚಪಲ ಇದ್ದೇ ಇರುತ್ತದೆ. ಅದಕ್ಕಾಗಿ ಎಡಗೈಯನ್ನು ಒಂದೇ ಫ್ರೆಟ್ಟಿನಲ್ಲಿ ನಿಲ್ಲಿಸಿ ಬಲಗೈಯನ್ನು ಮಾತ್ರ ಪೂರ್ಣ ವೇಗದಲ್ಲಿ ಆಡಿಸುವ ಅಭ್ಯಾಸ ಬೇರೆಯಾಗಿಯೇ ಬೇಕು.

ಶ್ರುತಿಯ ವಿಷಯ. ಈ ಹಾಡು ಧ್ವನಿಮುದ್ರಿಕೆಯಲ್ಲಿ ಇ-ಫ್ಲ್ಯಾಟ್ ಮೈನರ್‌ನಲ್ಲಿ ಕೇಳಿಸುತ್ತದೆ. ಆದ್ದರಿಂದ ಆರೂ ತಂತಿಗಳನ್ನು ಅರ್ಧ ಸ್ವರ ಇಳಿಸಿಕೊಳ್ಳುತ್ತೇನೆ. ಬೇಸ್ ವಾದಕರೂ ಹಾಗೆಯೇ ಮಾಡುತ್ತಾರೆ, ಕೀಬೋರ್ಡಿನವರು ಟ್ರಾನ್ಸ್‌ಪೋಸ್ ಗುಂಡಿಯನ್ನು ಒಂದು ಮೆಟ್ಟಿಲು ಕೆಳಗೆ ಒತ್ತಿಕೊಳ್ಳುತ್ತಾರೆ. ಇಳಿಸಿದ ತಂತಿ ಮೆದುವಾಗುತ್ತದೆ, ಎಳೆತ ಸಲೀಸಾಗುತ್ತದೆ. ಅದೇ ಎಳೆತವನ್ನು ಸಾಮಾನ್ಯ ಶ್ರುತಿಯಲ್ಲಿ ಅಭ್ಯಾಸ ಮಾಡಿ ವೇದಿಕೆಯಲ್ಲಿ ಇಳಿಸಿದರೆ ಬೆರಳು ಹೆಚ್ಚು ಎಳೆದು ಸ್ವರ ಮೇಲಕ್ಕೆ ಹಾರುತ್ತದೆ. ಹೀಗಾಗಿ ಮೊದಲ ದಿನದಿಂದಲೇ ಇಳಿಸಿದ ತಂತಿಯ ಮೇಲೆಯೇ ಕಲಿಯಬೇಕು.

ಇನ್ನು ಬೆಳಗಾವಿಯ ಜೂನ್ ತಿಂಗಳು. ಮಳೆ ಹಿಡಿದರೆ ಮನೆಯೊಳಗಿನ ಬಟ್ಟೆಯೇ ಒಣಗದ ಹವೆಯಲ್ಲಿ ಮರದ ವಾದ್ಯ ಸುಮ್ಮನಿರುವುದಿಲ್ಲ. ನೆಕ್ಕಿನ ಮರ ತೇವ ಹೀರಿ ಅದರ ಬಾಗು ಬದಲಾಗುತ್ತದೆ, ತಂತಿ ಫ್ರೆಟ್ಟಿನಿಂದ ಮೇಲೇಳುತ್ತದೆ, ಟ್ಯಾಪಿಂಗ್‌ಗೆ ಬೇಕಾದಂತೆ ತಂತಿ ಫ್ರೆಟ್ಟಿಗೆ ಹತ್ತಿರವಾಗಿ ಇರುವುದಿಲ್ಲ. ನೆಕ್ಕಿನೊಳಗೆ ಅದರ ಬಾಗನ್ನು ಸರಿಪಡಿಸುವ ಟ್ರಸ್ ರಾಡ್ ಎಂಬ ಲೋಹದ ಸರಳನ್ನು ಕಾಲು ಸುತ್ತಿಗಿಂತ ಹೆಚ್ಚು ಒಮ್ಮೆಗೇ ತಿರುಗಿಸದೆ, ಒಂದು ರಾತ್ರಿ ಬಿಟ್ಟು ಮತ್ತೆ ನೋಡಿ ಸರಿಪಡಿಸುತ್ತೇನೆ. ಈ ಸೋಲೊಗೆ ತೇಲುವ ಬ್ರಿಜ್ ಇರುವ ಗಿಟಾರೇ ಬೇಕು, ಏಕೆಂದರೆ ಅದರ ಕಂಬಿಯನ್ನು ಒತ್ತಿ ಎತ್ತಿ, ತಂತಿಯನ್ನು ಹಗುರವಾಗಿ ಮುಟ್ಟಿ ಹೊರಡಿಸುವ ತೀಕ್ಷ್ಣ ಸ್ವರಗಳಾದ ಹಾರ್ಮೋನಿಕ್‌ಗಳನ್ನು ಕೆಳಗಿಳಿಸುವ, ಚೀರಿಸುವ ಸದ್ದು ಇಲ್ಲದೆ ಇದು ಪೂರ್ಣವಾಗುವುದಿಲ್ಲ. ಆ ಬ್ರಿಜ್ ಒಂದು ಬದಿಗೆ ತಂತಿಗಳ, ಇನ್ನೊಂದು ಬದಿಗೆ ಸ್ಪ್ರಿಂಗ್‌ಗಳ ಎಳೆತದ ಸಮತೋಲದಲ್ಲಿ ನಿಂತಿರುತ್ತದೆ. ಒಂದು ತಂತಿ ಹರಿದರೆ ಉಳಿದ ಐದೂ ಶ್ರುತಿ ಬಿಡುತ್ತವೆ. ಎರಡನೆಯ ಗಿಟಾರನ್ನು ಇದೇ ಶ್ರುತಿಗೆ ಸಿದ್ಧಮಾಡಿ ಪಕ್ಕದಲ್ಲಿ ನಿಲ್ಲಿಸದೆ ನಾನು ವೇದಿಕೆಯೇರುವುದಿಲ್ಲ. ವಾದ್ಯವನ್ನು ಎಸಿ ಕಾರಿನಿಂದ ನೇರವಾಗಿ ತಂದು ನುಡಿಸದೆ, ಸಭಾಂಗಣದ ಹವೆಗೆ ಹೊಂದಿಕೊಳ್ಳಲು ಮಧ್ಯಾಹ್ನವೇ ತಂದು ಪೆಟ್ಟಿಗೆ ತೆರೆದಿಡುತ್ತೇನೆ.

ಮಳೆಗಾಲದ ಇನ್ನೊಂದು ತೊಂದರೆ ವಿದ್ಯುತ್ತಿನದು. ಸೋಲೊಗೆ ಬೇಕಾದಷ್ಟು ಗೇನ್ (ಗಿಟಾರಿನ ಸಂಕೇತವನ್ನು ಹಿಗ್ಗಿಸುವ ಮಟ್ಟ) ಏರಿಸಿದಾಗ, ಅರ್ಥಿಂಗ್ ಸರಿಯಿಲ್ಲದ ಕಡೆ, ಅದರಲ್ಲಿಯೂ ಜನರೇಟರ್ ಓಡುವಾಗ, ಗುಂಯ್ ಎನ್ನುವ ಸದ್ದು ಹಾಡಿನ ಕೆಳಗೆ ಸೇರಿಕೊಳ್ಳುತ್ತದೆ. ಅದನ್ನು ತಡೆಯಲು ಗಿಟಾರಿನ ಪ್ರೊಸೆಸರಿನಲ್ಲಿ, ಸಣ್ಣ ಸದ್ದನ್ನು ಮುಚ್ಚಿಬಿಡುವ ನಾಯ್ಸ್ ಗೇಟ್ ಹಾಕುತ್ತಾರೆ. ಗೇಟ್ ಬಿಗಿಯಾದರೆ ಹಾರ್ಮೋನಿಕ್‌ನ ಬಾಲವನ್ನೂ ಅದು ಕತ್ತರಿಸಿಬಿಡುತ್ತದೆ. ಕೆಳಗಿಳಿಯುತ್ತ ಕರಗಬೇಕಾದ ಸ್ವರ ನಡುವೆಯೇ ಉಸಿರು ಕಳೆದುಕೊಳ್ಳುತ್ತದೆ. ಸ್ವಲ್ಪ ಗುಂಯ್‌ಗುಡುವಿಕೆ ಉಳಿದರೂ ಸರಿ ಎಂದು ನಾನು ಗೇಟನ್ನು ಸಡಿಲಗೊಳಿಸುತ್ತೇನೆ, ಮತ್ತು ಸೋಲೊ ಮುಗಿದ ತಕ್ಷಣ ಕಾಲಿನಿಂದ ಧ್ವನಿಯನ್ನು ಇಳಿಸುತ್ತೇನೆ. ಸೌಂಡ್ ಚೆಕ್‌ನಲ್ಲಿ ಸೌಂಡ್ ಇಂಜಿನಿಯರ್ ಜೊತೆ ಕೂತು ಇದನ್ನು ಮೊದಲೇ ಮಾತಾಡಿಕೊಳ್ಳುವುದು ಮುಖ್ಯ. ಸೋಲೊ ಬಂದಾಗ ಗಿಟಾರನ್ನು ಎಷ್ಟು ಮುಂದೆ ತರಬೇಕೆಂದು ಅವರಿಗೆ ಮೂಲ ಮುದ್ರಿಕೆಯನ್ನೇ ಕೇಳಿಸುತ್ತೇನೆ, ಬಾಯಿಮಾತಿನಲ್ಲಿ ಹೇಳಿದರೆ ಇಬ್ಬರ ಅಳತೆಯೂ ಬೇರೆಯಾಗುತ್ತದೆ.

ತಂಡದ ತಾಲೀಮಿನಲ್ಲಿ ನಾನು ಹಟ ಹಿಡಿಯುವುದು ಎರಡು ವಿಷಯಗಳಿಗೆ. ಒಂದು, ಸೋಲೊಗೆ ಸ್ವಲ್ಪ ಮುನ್ನ ಮುದ್ರಿಕೆಯಲ್ಲಿ ಬಾಗಿಲು ತಟ್ಟಿದಂಥ ಸದ್ದು ಕೇಳುತ್ತದೆ. ಅದು ಸಣ್ಣದು, ಆದರೆ ಹಾಡು ಬಲ್ಲವರಿಗೆ ಅದೇ ಮುನ್ಸೂಚನೆ. ನಮ್ಮ ತಾಳವಾದ್ಯದವರು ಅದನ್ನು ಖಾಲಿ ಪೆಟ್ಟಿಗೆಯ ಮೇಲೆ ನುಡಿಸುತ್ತಾರೆ. ಇನ್ನೊಂದು, ಡ್ರಮ್ಸ್ ಸೋಲೊದ ಉದ್ದಕ್ಕೂ ನೇರವಾಗಿ ನಡೆಯಬೇಕು. ನನ್ನ ಉತ್ಸಾಹಕ್ಕೆ ಉತ್ತರವಾಗಿ ಡ್ರಮ್ಮರ್ ಕೂಡ ಅಲಂಕಾರ ಮಾಡತೊಡಗಿದರೆ ಮೇಲೆ ಹಿಗ್ಗುವವನಿಗೆ ಕೆಳಗೆ ನೆಲವೇ ಇರುವುದಿಲ್ಲ. ಪೊರ್ಕಾರೊ ಅವರು ಎಷ್ಟು ಸಂಯಮದಿಂದ ನುಡಿಸಿದ್ದಾರೆ ಎಂಬುದನ್ನು ನಾನು ತಾಲೀಮಿನಲ್ಲಿ ಡ್ರಮ್ಮರ್ ಜೊತೆ ಕೂತು ಮತ್ತೆ ಮತ್ತೆ ಕೇಳಿದ್ದೇನೆ. ಅವರ ಆ ನೇರ ನಡೆಯಿಲ್ಲದಿದ್ದರೆ ಎಡ್ಡಿ ಅವರ ಸ್ವಾತಂತ್ರ್ಯ ನಮಗೆ ಕೇಳಿಸುತ್ತಲೇ ಇರಲಿಲ್ಲ.

ಸಂಘಟಕರ ಬಳಿ ನಾನು ಇಡುವ ಬೇಡಿಕೆಯೂ ಒಂದಿದೆ. ಹಾಡಿಗೆ ಮುನ್ನ ನಿರೂಪಕರು ಸೋಲೊ ನುಡಿಸಿದವರ ಹೆಸರನ್ನು ಹೇಳಬೇಕು. ಜಾಕ್ಸನ್ ಅವರ ಹೆಸರು ಸಭೆಯಲ್ಲಿರುವ ಮಗುವಿಗೂ ಗೊತ್ತು, ಎಡ್ಡಿ ಅವರ ಹೆಸರು ಬಹಳ ಜನರಿಗೆ ಗೊತ್ತಿಲ್ಲ. ನಮ್ಮ ಚಿತ್ರಸಂಗೀತದಲ್ಲಿ ಈ ಮರೆವು ಇನ್ನೂ ಹೆಚ್ಚು. ‘ದಮ್ ಮಾರೊ ದಮ್’ ಹಾಡಿನ ಗಿಟಾರ್ ಕೇಳಿ ಕುಣಿದ ಎಷ್ಟೋ ಜನರಿಗೆ ಅದನ್ನು ನುಡಿಸಿದವರು ಗಜಲ್ ಗಾಯಕರೆಂದೇ ಹೆಸರಾದ ಭೂಪಿಂದರ್ ಸಿಂಗ್ ಎಂಬುದು ಗೊತ್ತಿಲ್ಲ. ಅವರೂ 2022ರ ಜುಲೈನಲ್ಲಿ ತೀರಿಕೊಂಡರು. ವಾದ್ಯಗೋಷ್ಠಿಯ ಹಿಂದಿನ ಸಾಲಿನಲ್ಲಿ ಕೂತು ನುಡಿಸಿದವರ ಹೆಸರನ್ನು ಅವರ ಸಂಗೀತ ಕೇಳಿಸುವ ಹೊತ್ತಿಗಾದರೂ ಹೇಳದಿದ್ದರೆ ಸ್ಮರಣೆ ಎಂಬ ಮಾತಿಗೆ ಅರ್ಥವಿಲ್ಲ ಎಂದು ನಾನು ಭಾವಿಸುತ್ತೇನೆ. ಮೊದಲು ಒಂದೆರಡು ಕಡೆ “ಜನಕ್ಕ ಇದೆಲ್ಲಾ ಯಾಕ ಬೇಕ್ರೀ ಸರ್” ಎಂದವರು, ಹೆಸರು ಹೇಳಿದಾಗ ಸಭೆ ಚಪ್ಪಾಳೆ ತಟ್ಟಿದ್ದನ್ನು ಕಂಡ ಮೇಲೆ ತಾವಾಗಿಯೇ ಕೇಳಿ ಬರೆದುಕೊಳ್ಳುತ್ತಿದ್ದಾರೆ.

ವೇದಿಕೆಯ ಮೇಲೆ ಆ ಅರ್ಧ ನಿಮಿಷದಲ್ಲಿ ನಾನು ಫ್ರೆಟ್ಟುಗಳ ಬಗ್ಗೆ ಯೋಚಿಸುವುದಿಲ್ಲ. ಒಳಗೆ ಬೋಲುಗಳು ನಡೆಯುತ್ತಿರುತ್ತವೆ. ಪ್ರೇಕ್ಷಕರಲ್ಲಿ ಕೆಲವರು ತುಟಿಯಲ್ಲಿಯೇ ಸೋಲೊ ಹಾಡುತ್ತಿರುವುದು ಮುಂದಿನ ಸಾಲುಗಳಲ್ಲಿ ಕಾಣುತ್ತದೆ. ಅವರ ತುಟಿಯೂ ನನ್ನ ಕೈಯೂ ಒಂದೇ ಕಡೆ ಸಮ್‌ಗೆ ಬಂದಾಗ ಕೆಲಸ ಸರಿಯಾಗಿದೆ ಎಂದು ತಿಳಿಯುತ್ತದೆ. ಜಾಕ್ಸನ್ ಅವರ ಪ್ರವಾಸಗಳಲ್ಲಿ 1987ರಿಂದ ಈ ಸೋಲೊವನ್ನು ನುಡಿಸುತ್ತ ಬಂದ ಜೆನಿಫರ್ ಬ್ಯಾಟನ್ ಅವರ ಕೈಯನ್ನು ನೋಡಿಯೂ ನಾನು ಬಹಳಷ್ಟು ಕಲಿತಿದ್ದೇನೆ. ಒಂದೇ ಸೋಲೊವನ್ನು ಊರಿಂದೂರಿಗೆ ಹಳಸದಂತೆ ಹೊತ್ತೊಯ್ಯಬಹುದು ಎಂಬುದಕ್ಕೆ ಅವರು ಸಾಕ್ಷಿ.

ಈಗ ಕೈಯಲ್ಲಿರುವುದು ಜನವರಿ 4ರ ಪಂಚಮ್ (ಆರ್. ಡಿ. ಬರ್ಮನ್) ಸ್ಮರಣೆಯ ಸಿದ್ಧತೆ. 1973ರ ‘ಯಾದೋಂ ಕಿ ಬಾರಾತ್’ ಚಿತ್ರದ ‘ಚುರಾ ಲಿಯಾ’ ಹಾಡಿನ ಗಿಟಾರ್ ಕೂಡ ಭೂಪಿಂದರ್ ಅವರದೇ, ಮತ್ತು ಅದಕ್ಕೆ ಹನ್ನೆರಡು ತಂತಿಯ ಗಿಟಾರ್ ಬೇಕು. ಅದರಲ್ಲಿ ಕೆಳಗಿನ ನಾಲ್ಕು ಜೋಡಿಗಳಲ್ಲಿ ಒಂದು ತಂತಿ ಇನ್ನೊಂದಕ್ಕಿಂತ ಒಂದು ಸಪ್ತಕ ಮೇಲೆ, ಮೇಲಿನ ಎರಡು ಜೋಡಿಗಳು ಒಂದೇ ಶ್ರುತಿಗೆ. ಇಲ್ಲಿ ವೇಗದ ಪ್ರಶ್ನೆಯೇ ಇಲ್ಲ, ಜೋಡಿಯ ಎರಡೂ ತಂತಿಗಳಿಗೆ ಪ್ಲೆಕ್ಟ್ರಮ್ ಸಮನಾಗಿ ತಾಗಬೇಕು. ಜನವರಿಯ ಒಣ ಚಳಿಯಲ್ಲಿ ಮರ ಜೂನಿಗೆ ತದ್ವಿರುದ್ಧವಾಗಿ ನಡೆದುಕೊಳ್ಳುತ್ತದೆ, ನೆಕ್ ಹಿಂದಕ್ಕೆ ಬಾಗಿ ತಂತಿ ಫ್ರೆಟ್ಟಿಗೆ ತಾಗಿ ಗರಗರ ಎನ್ನುತ್ತದೆ. ಪೆಟ್ಟಿಗೆಯಲ್ಲಿ ಮಳೆಗಾಲದ ಸಿಲಿಕಾ ಪೊಟ್ಟಣಗಳನ್ನು ತೆಗೆದು, ತೂತಿರುವ ಸೋಪಿನ ಡಬ್ಬಿಯಲ್ಲಿ ಒದ್ದೆ ಸ್ಪಂಜನ್ನು ಇಟ್ಟಿದ್ದೇನೆ. ಹಾಡಿನ ಆರಂಭದಲ್ಲಿ ಗಾಜಿನ ಲೋಟಕ್ಕೆ ಚಮಚ ತಾಗಿದ ನಾದಕ್ಕೆ ಯಾವ ಲೋಟ ಹೊಂದುತ್ತದೆ ಎಂಬುದನ್ನು ನಮ್ಮ ತಾಳವಾದ್ಯದವರು ಅಂಗಡಿ ಅಂಗಡಿ ತಿರುಗಿ ಹುಡುಕುತ್ತಿದ್ದಾರೆ, ಅದು ಸಿಕ್ಕಿದ ಮೇಲೆ ಇಬ್ಬರೂ ಕೂಡಿ ತಾಲೀಮು ಶುರುಮಾಡುತ್ತೇವೆ.